ತಮ್ಮನಿದ್ದರೆ ಟೂ ವೀಲ್ ಸಾಕು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆ ಲೆಕ್ಕಕ್ಕೆ ನಮ್ಮ ಬಾವನವರ ಬಗ್ಗೆ ನಾನು ಬಾಯಿಯನ್ನೇ ತೆರೆಯುವಂತಿಲ್ಲ. ಬಾವ ಎಂದರೆ ನನ್ನ ಗಂಡನ ಅಣ್ಣ. ಅವರ ದಿನಕರ್ಮಕ್ಕೆ ಕುರುಗೋಡಿನ ನಮ್ಮ ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಊರಿನವರು, ಬಳ್ಳಾರಿಯವರು, ಸಿರುಗುಪ್ಪದವರು ಕೂತು ಅವರನ್ನು ಹೊಗಳಿದ್ದೇ ಹೊಗಳಿದ್ದು. "ಏನ್ ಮಾತು, ಏನ್ ಕಥಿ! ನಗಿಸಿ ನಗಿಸಿ ಹೊಟ್ಟಿ ಹಿಡಕೊಳ್ಳಂಗ ಮಾಡತಿದ್ದ" ಎಂದರು. ನಿಜವೇ. ಆದರೆ ಆ ನಗೆಯ ಅಡಿಗೆ ಸಿಕ್ಕವರು ಯಾರೆಂದು ಒಬ್ಬರೂ ಹೇಳಲಿಲ್ಲ. ಒಳಗೆ ಚಹಾ ಸೋಸುತ್ತಿದ್ದ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ. ಈಗ ಕೇಳದಿದ್ದರೂ ಹೇಳುತ್ತೇನೆ.

ನಮ್ಮದು ಕಾಂಕ್ರೀಟ್ ಕಲೆಸುವ ಮಷೀನು ಬಾಡಿಗೆಗೆ ಕೊಡುವ ಮನೆತನ. ಎರಡು ಗಾಲಿಯ ಮೇಲೆ ದೊಡ್ಡ ಹೊಟ್ಟೆ ಹೊತ್ತು ನಿಲ್ಲುವ ಆ ಮಷೀನನ್ನು ಪಿಕಪ್ ಗಾಡಿಯ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಇವತ್ತು ಬಳ್ಳಾರಿಯ ಪಾರ್ವತಿನಗರದಲ್ಲಿ ಯಾರದೋ ಮನೆಯ ಸ್ಲ್ಯಾಬು, ನಾಳೆ ಸಿರುಗುಪ್ಪದ ಗದ್ದೆಗಳ ನಡುವೆ ಪಂಪ್‌ಹೌಸು, ನಾಡಿದ್ದು ಕೊಳಗಲ್ಲಿನಲ್ಲಿ ಭತ್ತ ಒಣಗಿಸುವ ಕಣ. ಗಾಡಿ ಓಡಿಸುವವರು ಬಾವ. ಹಿಂದೆ ಬಾಡಿಯಲ್ಲಿ ನಿಂತು ಕೊಂಡಿ ಕಾಯುವವರು ನನ್ನ ಗಂಡ. ಎಂದೋ ಒಮ್ಮೆ ಕೊಂಡಿಯ ಪಿನ್ನು ಜಾರಿ ಮಷೀನು ರಸ್ತೆಗೆ ಉರುಳಿತ್ತಂತೆ, ಅಂದಿನಿಂದ ಇವರಿಗೆ ಕ್ಯಾಬಿನ್ ಬಂದ್. ಪಕ್ಕದ ಸೀಟಿನಲ್ಲಿ ಬಾವನವರ ಊಟದ ಡಬ್ಬಿ ಕೂರುತ್ತಿತ್ತು. ಬಳ್ಳಾರಿಯ ಬಿಸಿಲಿಗೆ ಸಾರು ಹಳಸಬಾರದಲ್ಲ.

ನೋಡುವುದಕ್ಕೆ ಲಕ್ಷಣವಾಗಿದ್ದರು. ಇಸ್ತ್ರಿಯ ಬಿಳಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಬೆರಳಲ್ಲಿ ದಪ್ಪ ಉಂಗುರ. ಆ ಉಂಗುರದಿಂದ ಬಾನೆಟ್ಟನ್ನು ಟಕ್ ಟಕ್ ಎಂದು ಬಡಿದು, ಚಪ್ಪಲಿಯ ತುದಿಯಿಂದ ಟೈರಿಗೊಂದು ಒದೆ ಕೊಟ್ಟು, ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿ, ಗಾಡಿಯ ಪೂರ್ವಜನ್ಮವನ್ನೆಲ್ಲ ಹೇಳುತ್ತಿದ್ದರು. ಅದಕ್ಕೇ ಸುತ್ತಲಿನ ಊರುಗಳಲ್ಲಿ ಪಿಕಪ್ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ.

"ಅಣ್ಣಾರ, ಹಿಂದ ಟ್ರಾಲಿ ಕಟ್ಟಿ ಎಳಿಯಾಕ ಬೇಕ್ರಿ. ಟೂ ವೀಲ್ ತಗಳ್ಲೋ, ಫೋರ್ ವೀಲ್ ತಗಳ್ಲೋ?"

ಬಾವ ಎಲೆಗೆ ಸುಣ್ಣ ಹಚ್ಚುತ್ತ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು. "ಡಾಂಬರ್ ರಸ್ತಿ ಮ್ಯಾಲ ಎಳ್ಯಾಕ ಹಿಂದಿನ ಎರಡು ಗಾಲಿ ಸಾಕಪ್ಪ. ಟ್ರಾಲಿ ಮೂತಿ ಭಾರ ಅವುಗಳ ಮ್ಯಾಲೆ ಕುಂದರತೈತಿ, ನೆಲ ಗಟ್ಟಿ ಹಿಡೀತಾವ. ಮುಂದಿನ ಗಾಲೀಗೂ ಎಂಜಿನ್ ಜೋಡಿಸಿದ್ರ ಗಾಡಿ ತೂಕ ಹೆಚ್ಚು, ಡೀಸೆಲ್ ಹೆಚ್ಚು, ರಿಪೇರಿ ಹೆಚ್ಚು. ಆದ್ರ ಎರಿ ಹೊಲ, ಗದ್ದಿ, ಕಾಲುವಿ ದಂಡಿ, ಇಂಥ ಕಡೆ ಇಳಿಯಾವ್ರಿಗೆ ನಾಕೂ ಗಾಲಿ ಎಳೀಬೇಕು. ಇಲ್ಲಂದ್ರ ಗಾಡಿ ಹೂತ್ಕೊಂಡು ಕುಂದರತೈತಿ." ಇಷ್ಟು ಹೇಳಿ, ಎಲೆ ಬಾಯಿಗಿಟ್ಟು, ಕಟ್ಟೆಯವರ ಮುಖವನ್ನೆಲ್ಲ ಒಂದು ಸುತ್ತು ನೋಡಿ ಕೇಳುತ್ತಿದ್ದರು: "ಅದೆಲ್ಲಾ ಇರ್ಲಿ. ನಿನಗ ತಮ್ಮ ಅದಾನೇನು?"

"ಒಬ್ಬಾಂವ ಅದಾನ್ರಿ."

"ಹಂಗಾರ ಟೂ ವೀಲ್ ಸಾಕು ಬಿಡು. ಉಳಿದ ಎರಡು ಗಾಲಿ ನಿಮ್ಮವ್ವ ಹಡದಾಳ."

ಕಟ್ಟೆ ಗೊಳ್ಳೆಂದು ನಗುತ್ತಿತ್ತು. ಆಚೆ ಮಷೀನಿಗೆ ಗ್ರೀಸು ಹಚ್ಚುತ್ತ ಕೂತ ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಆ ನಗುವನ್ನು ಕೇಳಿ ಮದುವೆಯಾದ ಹೊಸದರಲ್ಲಿ ನನಗೆ ಆಶ್ಚರ್ಯವಾಗುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು.

ಏಕೆಂದರೆ ನಮ್ಮ ಗಾಡಿ ಟೂ ವೀಲೇ. ನಮ್ಮಷ್ಟು ಗದ್ದೆ, ಎರೆ ಹೊಲಗಳಿಗೆ ಇಳಿದವರು ಸುತ್ತಮುತ್ತ ಇರಲಿಲ್ಲ. ಎರೆ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಮಷೀನು ಕಟ್ಟಿಕೊಂಡು ಇಳಿದರೆ ಹಿಂದಿನ ಗಾಲಿ ಇದ್ದಲ್ಲೇ ತಿರುಗಿ ಕುಣಿ ತೋಡಿಕೊಳ್ಳುತ್ತಿತ್ತು. ಆಗ ಬಾವ ಕಿಟಕಿಯಿಂದ ಮೊಣಕೈ ಹೊರಗಿಟ್ಟು "ಲೇ, ಇಳಿ" ಎನ್ನುತ್ತಿದ್ದರು. ಇವರು ಇಳಿದು, ಮಷೀನಿನ ಕೊಂಡಿ ಬಿಚ್ಚಿ, ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತು ಗಾಡಿ ದಬ್ಬಬೇಕು. ಗಾಡಿ ಮೇಲೆ ಬಂದ ಮೇಲೆ ಹಗ್ಗ ಹಾಕಿ ಮಷೀನು ಎಳೆಯಬೇಕು. ಬಾವ ಕನ್ನಡಿಯನ್ನು ಇವರ ಕಡೆ ತಿರುಗಿಸಿಕೊಂಡು ಆಕ್ಸಿಲರೇಟರ್ ಒತ್ತುತ್ತಿದ್ದರು. ತಿರುಗುವ ಗಾಲಿ ಇವರ ಮುಖಕ್ಕೆ ಕೆಸರು ಎರಚಿದರೆ, "ಮದಿವ್ಯಾಗೂ ಇಷ್ಟು ಚೆಂದ ಕಂಡಿದ್ದಿಲ್ಲ ನೋಡ್ಲೇ ನೀನು" ಎಂದು ಕೂಗಿ ಕೂಲಿ ಹೆಣ್ಣುಮಕ್ಕಳನ್ನು ನಗಿಸುತ್ತಿದ್ದರು. ಇವರು ಮನೆಗೆ ಬಂದಾಗ ಕಿವಿಯೊಳಗಿನ ಮಣ್ಣನ್ನು ನಾನು ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆಯುತ್ತಿದ್ದೆ. ಹೆಗಲ ಮೇಲೆ ಗಾಡಿಯ ಹಿಂಬಾಗಿಲಿನ ಅಂಚು ಒತ್ತಿ ಒತ್ತಿ ದಡ್ಡು ಕಟ್ಟಿತ್ತು.

ನಾಲ್ಕೂ ಗಾಲಿ ಎಳೆಯುವ ಗಾಡಿ ತರಲಾರದ ಬಡತನವೇನೂ ಇರಲಿಲ್ಲ. ತಮ್ಮನಿದ್ದಾನಲ್ಲ, ಅಷ್ಟೇ.

ನಾನು ಏನಾದರೂ ಅಂದರೆ ಇವರು ಶುರು ಮಾಡುತ್ತಿದ್ದರು. "ಅಪ್ಪ ಸತ್ತಾಗ ನಾ ಸಣ್ಣಾಂವ. ಅಣ್ಣ ನನ್ನ ಹೆಗಲ ಮ್ಯಾಲ ಹೊತ್ಕೊಂಡು ಸಾಲಿಗೆ ಬಿಟ್ಟು ಬರ್ತಿದ್ದ." ಹೊತ್ತಿದ್ದು ಸುಳ್ಳಲ್ಲ. ಹೊತ್ತದ್ದಕ್ಕಿಂತ ಹೆಚ್ಚು ಹೊರಿಸಿದ್ದೂ ಸುಳ್ಳಲ್ಲ. ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ. ಒಮ್ಮೆ ಸತ್ಯನಾರಾಯಣಪೇಟೆಯಲ್ಲಿ ಕೆಲಸ ನಡೆದಾಗ ಮೇಸ್ತ್ರಿಯೊಬ್ಬ ಇವರನ್ನು "ಅರೆಹುಚ್ಚ" ಎಂದನಂತೆ. ಬಾವ ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಿದರು. "ನನ್ನ ತಮ್ಮಗ ಬೈಯಾಕ ನಾ ಅದೀನಿ, ನೀ ಯಾರಲೇ?" ಎಂದರಂತೆ. ಈ ಕಥೆಯನ್ನು ಇವರು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. ನನಗಂತೂ ಅದು ತನ್ನ ಎತ್ತಿಗೆ ಬೇರೆಯವನು ಚಾಟಿ ಬೀಸಿದಾಗ ರೈತ ಜಗಳಕ್ಕೆ ನಿಂತಂತೆ ಕೇಳಿಸುತ್ತಿತ್ತು.

ಹಳೆಯ ಪಿಕಪ್ಪು ಕೈಕೊಟ್ಟಾಗ ಹೊಸದನ್ನು ತರುವುದೆಂದಾಯಿತು. ಈ ಸಲ ನಾನು ಶಾಲೆಗೆ ರಜೆ ಹಾಕಿ ಬಳ್ಳಾರಿಗೆ ಜೊತೆಯಲ್ಲೇ ಹೋದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಬಾವ ನನ್ನನ್ನು ಕರೆಯುತ್ತಿದ್ದದ್ದೇ "ಟೀಚರಮ್ಮ" ಎಂದು. ಗಾಡಿ ಅಂಗಡಿಯ ಹುಡುಗ ಫೋರ್ ವೀಲ್ ಪಿಕಪ್ಪಿನ ಗುಣಗಾನ ಮಾಡಿದ. ಬಾವ ತಲೆಯಾಡಿಸಿ ಕೇಳಿದರು. ನಾಲ್ಕೂ ಗಾಲಿಗೆ ಎಂಜಿನ್ ಜೋಡಿಸುವ ಲಿವರ್ ಎಳೆದು ತೋರಿಸು ಎಂದರು, ತೋರಿಸಿದ. ಕೆಳಗೆ ಮುಂದಿನ ಗಾಲಿಗೆ ಹೋಗುವ ಶಾಫ್ಟು ಎಲ್ಲಿದೆ ಎಂದರು, ಅವನು ಟೈ ಕಟ್ಟಿಕೊಂಡೇ ಗಾಡಿಯ ಅಡಿಗೆ ತೂರಿ ಬೆರಳು ಮಾಡಿದ. ಕೊಂಡೇಬಿಡುತ್ತಾರೆ ಎಂದು ನನ್ನ ಎದೆ ಹಗುರವಾಯಿತು. ಅವನು ಮೈ ಕೊಡವಿಕೊಂಡು ಹೊರಬಂದ ಮೇಲೆ ಬಾವ ಎಂದರು:

"ಇದೆಲ್ಲಾ ನಮ್ಮ ಹತ್ರ ಐತಪ್ಪ. ಲೇ, ಬಾರಲೇ ಇಲ್ಲಿ. ಪ್ಯಾಂಟ್ ಮ್ಯಾಲ ಎತ್ತು."

ಇವರು ಬಂದರು. ಹೊಳೆಯುವ ಟೈಲ್ಸಿನ ಮೇಲೆ, ಟೇಬಲ್ಲುಗಳ ಹಿಂದೆ ಕೂತಿದ್ದ ಹುಡುಗಿಯರ ಎದುರು, ತಲೆಯಲ್ಲಿ ನರೆಗೂದಲು ಬಂದಿದ್ದ ನನ್ನ ಗಂಡ ಬಗ್ಗಿ ಎರಡೂ ಕಾಲಿನ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ನಿಂತರು. ಬಾವ ಉಂಗುರದ ಬೆರಳಿನಿಂದ ಮೀನಖಂಡವನ್ನು ಬಡಿದು ತೋರಿಸಿದರು. "ನೋಡು, ನಮ್ಮ ಮುಂದಿನ ಎರಡು ಗಾಲಿ. ಡೀಸೆಲ್ ಬ್ಯಾಡ, ರೊಟ್ಟಿ ಸಾಕು. ಸರ್ವಿಸಿಂಗ್ ಟೀಚರಮ್ಮ ಮಾಡ್ತಾಳ."

ಇಡೀ ಅಂಗಡಿ ನಕ್ಕಿತು. ಇವರೂ ನಕ್ಕರು. ನನಗೆ ಮೈ ಉರಿದು ಹೋಯಿತು.

"ಬಾವಾರ, ಈ ಗಾಲಿ ಮುರದ್ರ ಸ್ಪೇರ್ ಎಲ್ಲಿ ಸಿಗತೈತ್ರಿ?" ಎಂದು ಕೇಳಿದೆ.

"ಮುರಿಯಾಂಗಿಲ್ಲ ಟೀಚರಮ್ಮ. ನಮ್ಮವ್ವನ ಕಂಪನಿ ಮಾಲು" ಎಂದರು. ಮತ್ತೆ ನಗು. ಟೂ ವೀಲ್ ಗಾಡಿಗೇ ಹೂವಿನ ಹಾರ ಬಿತ್ತು. ವಾಪಸ್ಸು ಬರುವಾಗಲೂ ಇವರು ಹಿಂದೆಯೇ ನಿಂತರು, ಕಟ್ಟಲು ಮಷೀನಿಲ್ಲದಿದ್ದರೂ.

ಆ ಗಾಲಿ ಮುರಿದದ್ದು ಸಿರುಗುಪ್ಪದ ಹತ್ತಿರ, ಕಾಲುವೆಗೆ ನೀರು ಬಿಟ್ಟ ಮೇಲೆ, ಒಬ್ಬ ದೊಡ್ಡ ರೈತರ ಪಂಪ್‌ಹೌಸಿನ ಕೆಲಸದಲ್ಲಿ. ನಾನು ಅಲ್ಲಿರಲಿಲ್ಲ, ಕೂಲಿಗೆ ಹೋದ ಹೆಣ್ಣುಮಕ್ಕಳು ಹೇಳಿದ್ದು. ಕೆಲಸ ಮುಗಿಸಿ ಹೊರಟಾಗ ಗಾಡಿ ಗದ್ದೆಯ ದಾರಿಯಲ್ಲಿ ಹೂತುಕೊಂಡಿತು. ಇಂಥ ಹೊತ್ತಿನಲ್ಲಿ ಮೊದಲು ಹಿಂದಿನ ಮಷೀನಿನ ಕೊಂಡಿ ಬಿಚ್ಚಬೇಕು, ಆಮೇಲೆ ಗಾಡಿ ಎತ್ತಬೇಕು. ಇದು ಬಾವನವರೇ ಊರಿಗೆಲ್ಲ ಹೇಳುತ್ತಿದ್ದ ಪಾಠ. ಅಂದು ರೈತರ ಮನೆಯಲ್ಲಿ ಹೋಳಿಗೆ ಊಟ ಕಾಯುತ್ತಿತ್ತು. "ಬಿಚ್ಚಿ ಮತ್ತ ಕಟ್ಟೋದು ಯಾವಾಗ? ಹಂಗ ದಬ್ಬಲೇ" ಎಂದರು. ಇವರು ಗಾಡಿಗೂ ಮಷೀನಿಗೂ ನಡುವೆ ನುಸುಳಿ, ಮಷೀನಿಗೆ ಬೆನ್ನು ಕೊಟ್ಟು ದಬ್ಬಿದರು. ಗಾಲಿ ಒಮ್ಮೆ ನೆಲ ಕಚ್ಚಿತು, ಗಾಡಿ ಮುಂದಕ್ಕೆ ಜಿಗಿಯಿತು, ಮತ್ತೆ ಜಾರಿ ಹಿಂದಕ್ಕೆ ಬಂತು. ಮಷೀನು ಅಡ್ಡ ತಿರುಗಿ ಇವರ ತೊಡೆಯನ್ನು ಗಾಡಿಗೆ ಒತ್ತಿ ಹಿಡಿಯಿತು.

ಇವರು ಕೂಗಲಿಲ್ಲವಂತೆ. "ಯಾಕ್ಲೇ, ಸುಮ್ನ ನಿಂತೀ? ನಿದ್ದಿ ಬಂತೇನು?" ಎಂದು ಬಾವ ಕನ್ನಡಿಯಲ್ಲಿ ನೋಡುತ್ತ ಕೇಳಿದರಂತೆ. ಒಬ್ಬ ಹೆಣ್ಣುಮಗಳು ಎದೆ ಬಡಿದುಕೊಂಡು ಚೀರಿದ ಮೇಲೆಯೇ ಎಂಜಿನ್ ಬಂದ್ ಮಾಡಿದ್ದು.

ಬಳ್ಳಾರಿಯ ಆಸ್ಪತ್ರೆಯಲ್ಲಿ ತೊಡೆಗೆ ರಾಡು ಹಾಕಿದರು. ಕಾಲು ಉಳಿಯಿತು, ಆದರೆ ಗಿಡ್ಡವಾಗಿ ಉಳಿಯಿತು. ಬಾವ ಮೋಸಂಬಿ ಚೀಲ ಹಿಡಿದು ಬಂದರು. ಮುಖ ಬಾಡಿತ್ತು, ಎರಡು ದಿನದ ಗಡ್ಡ ಇತ್ತು. ಈಗಲಾದರೂ ತಪ್ಪಾಯಿತು ಎನ್ನುತ್ತಾರೆ ಎಂದು ನಾನು ಕಾದೆ. ಮಂಚದ ಕಬ್ಬಿಣವನ್ನು ಉಂಗುರದಿಂದ ಟಕ್ ಟಕ್ ಎಂದು ಬಡಿದರು. ಆಮೇಲೆ, "ಏನಿಲ್ಲ ಬಿಡು, ಒಂದು ಟೈರ್ ಪಂಚರ್ ಆಗೈತಿ. ರಿಮ್ ಗಟ್ಟಿ ಐತಿ" ಎಂದರು. ಇವರಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕಾಲು ನೋಯುತ್ತಿತ್ತು. ನೋವಿಗೆ ಹಲ್ಲು ಕಚ್ಚುತ್ತ, ಮತ್ತೆ ನಗುತ್ತ, ಕಣ್ಣೀರು ಒರೆಸಿಕೊಂಡರು. ನಾನು ಮೋಸಂಬಿ ಚೀಲವನ್ನು ತೆಗೆದು ಬಾವನವರ ಕೈಗೇ ವಾಪಸ್ಸು ಕೊಟ್ಟು ಬಾಗಿಲು ತೋರಿಸಿದೆ. ಅವರು ಹೋದ ಮೇಲೆ ಇವರು ನನ್ನ ಜೊತೆ ಮಾತಾಡಲಿಲ್ಲ.

ಇವರು ಕೋಲು ಊರಿ ಅಂಗಳದಲ್ಲಿ ನಡೆಯಲು ಕಲಿಯುವಷ್ಟರಲ್ಲಿ ಮನೆ ಮುಂದೆ ಫೋರ್ ವೀಲ್ ಬಂದು ನಿಂತಿತು. "ನನ್ನ ತಮ್ಮನ ಸಲುವಾಗಿ ತಂದೀನಿ" ಎಂದು ಬಾವ ಊರಿಗೆಲ್ಲ ಹೇಳಿದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದಾಗ ಮುದುಕರು, "ಅಣ್ಣ ಅಂದ್ರ ಹಿಂಗಿರಬೇಕು" ಎಂದು ಕಣ್ಣು ಒರೆಸಿಕೊಂಡರು. ನಿಜ ಸಂಗತಿ ನಮ್ಮ ಅಡುಗೆಮನೆಗೆ ಗೊತ್ತಿತ್ತು. ಇವರು ಕಾಲು ಮುರಿದು ಮಲಗಿದ್ದಾಗ ಗಾಡಿ ಹೂತುಕೊಂಡರೆ ಕೆಸರಿಗಿಳಿದು ದಬ್ಬಲು ಕೂಲಿಯವರು ಯಾರೂ ಒಪ್ಪಲಿಲ್ಲ. ಕಾಲಿರುವ ತಮ್ಮ ಮುಗಿದಿದ್ದ, ಅದಕ್ಕೇ ಫೋರ್ ವೀಲ್ ಬಂತು. ಇವರಿಗೆ ಅದನ್ನು ಮುಟ್ಟಲೂ ಕೊಡಲಿಲ್ಲ. "ಕುಂಟಗಾಲಾಗ ಕ್ಲಚ್ ಹೆಂಗ ತುಳೀತೀ?" ಎಂದರು. ಅಂದಿನಿಂದ ಇವರ ಹೆಸರೇ ಕುಂಟ ಎಂದಾಯಿತು.

ಆ ಗಾಡಿಯಲ್ಲಿ ಬಾವ ಮಾಡಿದ ತಪ್ಪನ್ನು ಅವರೊಬ್ಬರೇ ಮಾಡಬಹುದಿತ್ತು. ಕೊಡುವಾಗಲೇ ಅಂಗಡಿಯವರು ಹೇಳಿದ್ದರು: ಡಾಂಬರು ರಸ್ತೆಯಲ್ಲಿ ಎರಡೇ ಗಾಲಿ ಎಳೆಯಲಿ, ಕೆಸರಿಗೆ ಇಳಿದಾಗ ಮಾತ್ರ ಲಿವರ್ ಹಾಕಿ, ಒಣ ರಸ್ತೆಯಲ್ಲಿ ನಾಲ್ಕೂ ಎಳೆದರೆ ತಿರುವಿನಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಜಗಳ ಬಿದ್ದು ಒಳಗಿನ ಗೇರಿನ ಹಲ್ಲು ಮುರಿಯುತ್ತದೆ ಎಂದು. ಊರಿಗೆ ಬುದ್ಧಿ ಹೇಳುವ ಮನುಷ್ಯ ಇದನ್ನು ಮಾತ್ರ ಕೇಳಲಿಲ್ಲ. ಮನೆಯಲ್ಲಿ ಯಾರೇ ಸುಮ್ಮನೆ ಕೂತರೂ ಅವರಿಗೆ ಸಹಿಸದು, ಇನ್ನು ಗಾಲಿ ಸುಮ್ಮನೆ ತಿರುಗಿದರೆ ಸಹಿಸೀತೇ? ಕುರುಗೋಡಿನಿಂದ ಬಳ್ಳಾರಿಯ ತನಕ ಒಣ ಡಾಂಬರಿನ ಮೇಲೆ ಲಿವರ್ ಎಳೆದೇ ಓಡಿಸಿದರು. ಇವರು ಒಮ್ಮೆ ಹೆದರುತ್ತಲೇ, "ಅಣ್ಣಾ, ಹಂಗ ಓಡಿಸಬಾರ್ದಂತ" ಎಂದರು.

"ನೀ ಕುಂತು ಉಣ್ಣಾಕತ್ತಿ. ಗಾಲೀನೂ ಕುಂತು ಉಣ್ಣಬೇಕೇನ್ಲೇ?"

ಕೊಳಗಲ್ಲಿನ ತಿರುವಿನಲ್ಲಿ ಗಾಡಿಯ ಹೊಟ್ಟೆಯೊಳಗೆ ಏನೋ ಕಟ್ ಎಂದಿತು. ಬಳ್ಳಾರಿಯ ಮೆಕಾನಿಕ್ ಮುಂದಿನ ಗಾಲಿಯ ಶಾಫ್ಟನ್ನೇ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಕೊಟ್ಟ; ಗಾಡಿ ಮತ್ತೆ ಟೂ ವೀಲೇ ಆಯಿತು. ಬಾವ ಅದನ್ನು ದನದ ಕೊಟ್ಟಿಗೆಯ ಅಟ್ಟದ ಮೇಲೆ ಬಚ್ಚಿಟ್ಟರು. ರಿಪೇರಿಗೆ ಕೊಟ್ಟರೆ ಊರಿಗೆ ಗೊತ್ತಾಗುತ್ತದಲ್ಲ. ಅಲ್ಲ, ಆಡಿಕೊಂಡು ನಕ್ಕವರಿಗೆ ಆಡಿಸಿಕೊಳ್ಳುವ ಭಯ ಎಷ್ಟಿರುತ್ತದೆ ನೋಡಿ! ಜನರೆದುರು ಲಿವರ್ ಎಳೆದು, "ಈಗ ನೋಡ್ರಿ ನಾಕೂ ಹೆಂಗ ಎಳೀತಾವ" ಎನ್ನುವುದನ್ನು ಮಾತ್ರ ಬಿಡಲಿಲ್ಲ. ಸಂಗತಿ ಗೊತ್ತಿದ್ದದ್ದು ತಮ್ಮನಿಗೆ, ತಮ್ಮನಿಂದ ನನಗೆ.

ಒಂದು ದಿನ ಕಟ್ಟೆಯ ತುಂಬ ಜನರಿದ್ದಾಗ ನಾನು ಚಹಾ ಕೊಡುತ್ತ, "ಬಾವಾರ, ಮುಂದಿನ ಗಾಲಿ ಭಾಳ ದಣದಂಗ ಕಾಣ್ತಾವಲ್ರಿ" ಎಂದೆ. ಯಾರಿಗೂ ಅರ್ಥವಾಗಲಿಲ್ಲ, ಅವರಿಗೆ ಆಯಿತು. ಮುಖ ಕಪ್ಪಿಟ್ಟಿತು. ನನಗೆ ಆದ ಸಂತೋಷವನ್ನು ಹೇಳಲಾರೆ. ಆದರೆ ಅವರು ನನಗೇನೂ ಅನ್ನಲಿಲ್ಲ, ತಮ್ಮನನ್ನೂ ಬೈಯಲಿಲ್ಲ. ತಮ್ಮನ ಜೊತೆ ಮಾತನ್ನೇ ಬಿಟ್ಟರು.

ಆ ತಿಂಗಳು ನನ್ನ ಗಂಡ ಅರ್ಧವಾದರು. ಕಟ್ಟೆಯ ಹತ್ತಿರ ಕೋಲು ಊರಿಕೊಂಡು ಸುಳಿದಾಡುವರು, ಕೆಮ್ಮುವರು, ಬೇಕೆಂದೇ ಗ್ರೀಸಿನ ಡಬ್ಬಿ ಕೆಡವುವರು. ಬಾವ ತಲೆ ಎತ್ತುತ್ತಿರಲಿಲ್ಲ. ಊಟಕ್ಕೆ ಕೂತರೆ ತುತ್ತು ಇಳಿಯದು. ತೊಡೆಗೆ ರಾಡು ಹಾಕಿದಾಗ ಅಳದ ಮನುಷ್ಯ ಆಗ ನನ್ನೆದುರು ಅತ್ತರು. ಕೊನೆಗೊಂದು ಬೆಳಿಗ್ಗೆ ಹೊರಗಿನಿಂದ, "ಏ ಕುಂಟಾ, ಗೂಟದಂಗ ನಿಂತೀಯಲ್ಲ, ನೀರು ತಾರಲೇ" ಎಂದು ಕೂಗು ಬಂತು. ಕೋಲನ್ನೂ ಮರೆತು, ಗೋಡೆ ಹಿಡಿದು ಕುಪ್ಪಳಿಸುತ್ತ ಚೊಂಬು ಒಯ್ದರು. ಅವತ್ತು ನನಗೆ ಬಾವನವರಿಗಿಂತ ಇವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ಯಾರ ಕಾಲು ಉಳಿಸಲು ನಾನು ಇಷ್ಟು ವರ್ಷ ಬಡಿದಾಡಿದೆನೋ ಆ ಮನುಷ್ಯನಿಗೆ ಕಾಲು ಬೇಕಾಗಿಯೇ ಇರಲಿಲ್ಲ.

ಬಾವ ಸತ್ತದ್ದು ಸುಖವಾಗಿ. ಉಂಡು ಮಲಗಿದವರು ಏಳಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಹೂವಿನಿಂದ ಸಿಂಗರಿಸಿ, ಸ್ವಂತ ಹೊಲಕ್ಕೆ ಒಯ್ದು ಮಣ್ಣು ಮಾಡುತ್ತಾರೆ. ಸಿರುಗುಪ್ಪದ ರಸ್ತೆಯಲ್ಲಿರುವ ನಮ್ಮ ಹೊಲಕ್ಕೆ ಅವರ ಗಾಡಿಯಲ್ಲೇ ಒಯ್ದೆವು. ಬಾವನವರ ಮಗ ಓಡಿಸುತ್ತಿದ್ದ. ಹಿಂದೆ ಬಾಡಿಯಲ್ಲಿ, ಮುಖ ಹಿಂದಕ್ಕೆ ಮಾಡಿ ಕೂತ ಬಾವ, ಅವರನ್ನು ಹಿಡಿದುಕೊಂಡು ನನ್ನ ಗಂಡ. ಹಿಂದಿನ ದಿನ ಮಳೆಯಾಗಿತ್ತು. ಹೊಲದ ದಾರಿಗೆ ಇಳಿದ ಕೂಡಲೇ ಹಿಂದಿನ ಗಾಲಿ ತಿರುಗತೊಡಗಿತು.

"ಏನ್ ಚಿಂತಿಲ್ಲ, ಫೋರ್ ವೀಲ್ ಐತಿ" ಎಂದು ಯಾರೋ ಕೂಗಿದರು. ಮಗ ಲಿವರ್ ಎಳೆದ. ಮುಂದಿನ ಗಾಲಿ ಮಿಸುಕಲಿಲ್ಲ. ಇನ್ನಷ್ಟು ಒತ್ತಿದ, ಹಿಂದಿನದು ಇನ್ನಷ್ಟು ಹೂತಿತು. ನಾಲ್ಕೂ ಗಾಲಿ ಎಳೆಯುವ ಗಾಡಿಯನ್ನು ದಬ್ಬುವುದೇಕೆ ಎಂದು ಬಿಳಿ ಬಟ್ಟೆಯ ಜನ ಬದುವಿನ ಮೇಲೆ ಸುಮ್ಮನೆ ನಿಂತಿದ್ದರು. ಅವರ ನಡುವೆ ನಿಂತಿದ್ದ ನಾನು ಅಟ್ಟದ ಮೇಲಿನ ಶಾಫ್ಟಿನ ಸಂಗತಿ ಹೇಳಲು ಬಾಯಿ ತೆರೆದೆ. ಇವರು ಮೇಲಿನಿಂದ ನನ್ನನ್ನೇ ನೋಡುತ್ತ ಬೇಡವೆಂದು ಕೈಯಾಡಿಸಿದರು. ಕೋಲನ್ನು ನನ್ನ ಕಡೆ ಎಸೆದು, ಹಿಂಬಾಗಿಲು ಹಿಡಿದು ಜಾರಿ, ರಾಡು ಹಾಕಿದ ಕಾಲನ್ನೇ ಮೊದಲು ಕೆಸರಿಗೆ ಊರಿದರು.

"ಚಿಗಪ್ಪ, ಬ್ಯಾಡ, ನೀ ಹತ್ತು" ಎಂದು ಹುಡುಗ ಕಿಟಕಿಯಿಂದ ಕೂಗಿದ.

"ನೀ ಒತ್ತಲೇ!" ಎಂದು ಇವರು ಹೆಗಲು ಕೊಟ್ಟರು. ಅಷ್ಟರಲ್ಲಿ ನಾಲ್ಕಾರು ಗಂಡಸರು ನಾಚಿ ಓಡಿ ಬಂದರು. ಗಾಡಿ ಒಮ್ಮೆ ನರಳಿ ಮೇಲೇರಿತು.

ಇವರು ಅಲ್ಲೇ ಕುಸಿದು ಕೂತರು. ಮುಖ, ಎದೆ, ಬಾಯಿ ಎಲ್ಲ ಕೆಸರು. ಹಾಗೇ ತಲೆಯೆತ್ತಿ ಗಾಡಿಯಲ್ಲಿ ಹೂವಿನ ನಡುವೆ ಕೂತಿದ್ದ ಅಣ್ಣನ ಮುಖವನ್ನು ನೋಡಿದರು. ಕಾಯುತ್ತಿದ್ದರು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದು ತಿಳಿಯದೇ? ಮೇಲಿನಿಂದ ಮಾತು ಬರಲಿಲ್ಲ. ಆಗ ಇವರು, "ಏನಾರ ಅನ್ನೋ ಅಣ್ಣಾ, ಒಂದು ಮಾತು ಅನ್ನೋ" ಎಂದು ದೊಡ್ಡ ದನಿ ತೆಗೆದು ಅಳತೊಡಗಿದರು. ಜನ ಬಂದು, "ಸಮಾಧಾನ ಮಾಡ್ಕಳ್ರಿ, ಏಳ್ರಿ" ಎಂದು ಕೈ ಹಿಡಿದರು. ಎಷ್ಟು ಒಳ್ಳೆಯ ಮಾತು ಹೇಳಿದರೂ ಏಳಲಿಲ್ಲ. ಅತ್ತ ಗುಂಡಿ ತೋಡಿದವರು ಕಾಯುತ್ತಿದ್ದರು.

ನಾನು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಮದುವೆಯಾದಂದಿನಿಂದ ಇವರಿಗೆ ನಾನು "ರೀ" ಬಿಟ್ಟು ಮಾತಾಡಿದವಳಲ್ಲ.

"ಏ ಕುಂಟಾ!" ಎಂದೆ. "ಎಮ್ಮಿ ಬಿದ್ದಂಗ ಬಿದ್ದೀಯಲ್ಲ, ನಿನ್ನ ಎತ್ತಾಕ ಊರಿಂದ ಕ್ರೇನ್ ತರಸಬೇಕೇನ್ಲೇ? ಏಳು!"

ಬದುವಿನ ಮೇಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಇವರ ಅಳು ಥಟ್ಟನೆ ನಿಂತಿತು. ನನ್ನ ಮುಖ ನೋಡಿದರು. "ಎದ್ದೆ, ಎದ್ದೆ" ಎನ್ನುತ್ತ ಕೋಲಿಗೆ ಕೈಚಾಚಿದರು. ನಗುತ್ತಿದ್ದರು.